ಹಿಂದೆ ಬಿದ್ದ ಗಡಿಯಾರ ಮತ್ತು ಸಿದ್ದವ್ವನ ಕುತ್ತಿಗೆ

"ಕೇಳ್ರಪ್ಪೋ ಕೇಳಿ! ಅರಮನೆಯ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿಲ್ಲ. ರಾಜಕುಮಾರಿಯ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪಿದವರ ತಲೆ ಮಧ್ಯಾಹ್ನದ ಗಂಟೆಗೆ ಹಾರುತ್ತದೆ!"

ಡಂಗುರ ಕೇಳಿ ತಿಪ್ಪೇಶ ಉಜ್ಜುತ್ತಿದ್ದ ಪಾತ್ರೆ ಕೆಳಗಿಟ್ಟ. ಅವನ ಅವ್ವ ಸಿದ್ದವ್ವ ಅರಮನೆಯ ಅಡುಗೆಯವಳು. ಗಂಟೆ ಹೊಡೆದ ಮೇಲೇ ಬಡಿಸಬೇಕೆಂದು ಕಟ್ಟಳೆ. ಗಂಟೆ ತಡವಾಯಿತು, ಊಟವೂ ತಡವಾಯಿತು. ಹಸಿದ ರಾಜ ಗಂಟೆಯನ್ನು ಬಿಟ್ಟು ಅವ್ವನನ್ನು ಹಿಡಿಸಿದ್ದ. ಅವಳ ತಲೆಗೂ ಅದೇ ಮಧ್ಯಾಹ್ನದ ಗಂಟೆ ನಿಗದಿಯಾಗಿತ್ತು.

"ಉತ್ತರ ಗೊತ್ತಿರ್ಲಿ, ಬಿಡ್ಲಿ, ಹೋಗೇ ಹೋಗ್ತೀನಿ" ಎಂದು ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಹೊರಟ.

ಸಭೆಯಲ್ಲಿ ರಾಜಕುಮಾರಿ ಮಲ್ಲಾಂಬೆ ಕೇಳುತ್ತಿದ್ದಳು: "ಇನ್ನೊಬ್ಬನ ಹೊಟ್ಟೆಯೊಳಗಿದ್ದಾನೆ, ಆದರೆ ತಾನೇ ಮನೆ ಯಜಮಾನ ಅಂದುಕೊಂಡಿದ್ದಾನೆ. ಯಾರು?"

"ಜಂತುಹುಳ!" ಎಂದ ನೆರೆರಾಜ್ಯದ ಯುವರಾಜ, ಮೀಸೆ ತಿರುವುತ್ತ. ಮೀಸೆಯ ಸಮೇತ ಅವನನ್ನು ಎಳೆದೊಯ್ದರು.

ಆಸ್ಥಾನ ಪಂಡಿತ ಎದ್ದ. "ಅರಮನೆಯ ಕಂಪ್ಯೂಟರಿನೊಳಗೆ ತಾವು ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಗಂಟೆ ಹೊಡೆಸುವುದೂ ಅದೇ."

"ಸರಿ. ಹೊರಗಿನ ಕಂಪ್ಯೂಟರಿನ ಟೈಮರ್ ಹೊತ್ತು ತಿಳಿಸಲು ಮೂರು ಸಲ ಬಾಗಿಲು ಬಡಿದರೂ ಒಳಗಿನವನು ಒಂದೇ ಸಲ ಅನ್ನುತ್ತಾನೆ. ಕಿವುಡನಲ್ಲ, ಸುಳ್ಳನೂ ಅಲ್ಲ. ಏಕೆ?"

"ಕುಡಿದಿದ್ದಾನೆ" ಎಂದ ಪಂಡಿತ. ಅವನೂ ಹೋದ.

ತಿಪ್ಪೇಶ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. "ಅಮ್ಮಣ್ಣಿಯೋರೇ, ಮೊದಲನೇದಕ್ಕೆ ಪಂಡಿತರು ಹೇಳಿದ್ದೇ ನಂದೂ."

ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ. "ಎರಡನೆಯದು?"

"ಅವನು ನನ್ನ ಥರ. ಅವ್ವ ಬೆಳಿಗ್ಗೆ ಮೂರು ಸಲ ಕೂಗ್ತಾಳೆ. ನಿದ್ದೆಯೊಳಗೆ ಅವೆಲ್ಲ ಸೇರಿ ಒಂದೇ ಕೂಗಾಗುತ್ತೆ. ಒಳಗಿನವನೂ ಕೆಲಸದ ಮಧ್ಯೆ ಬಾಗಿಲು ಹಾಕ್ಕೊಂಡಿರ್ತಾನೆ. ಆಗ ಬಂದ ಸಿಗ್ನಲ್‌ಗಳು ಸಾಲು ನಿಲ್ಲಲ್ಲ, 'ಯಾರೋ ಬಂದಿದ್ರು' ಅನ್ನೋ ಒಂದೇ ಗುರುತು ಉಳಿಯುತ್ತೆ. ಒಂದೇ ಅಂತ ಎಣಿಸ್ತಾನೆ, ಗಡಿಯಾರ ಹಿಂದೆ ಬೀಳುತ್ತೆ."

ಮಲ್ಲಾಂಬೆ ಆಸನದ ಅಂಚಿಗೆ ಸರಿದಳು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಬಡಿತವನ್ನು ಹೆಚ್ಚಿಸದೆ, ಅವನ ಕೆಲಸ ಕೆಡಿಸದೆ, ಗಡಿಯಾರ ಸರಿಯಾಗುವುದು ಹೇಗೆ?"

ತಿಪ್ಪೇಶ ಕಣ್ಣು ಮುಚ್ಚಿದ. ಎದ್ದ ಕೂಡಲೇ ತಾನೇನು ಮಾಡುತ್ತೇನೆ? ಅವ್ವನ ಕೂಗು ಎಣಿಸುತ್ತೇನೆಯೇ? ಇಲ್ಲ, ಗೋಡೆಯ ಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡುತ್ತೇನೆ!

"ಎಣಿಸೋದೇ ಬೇಡ! ಬಡಿತ ಬರೀ ಎಬ್ಬಿಸೋಕೆ. ಎದ್ದವನು ಹೊರಗಿನ ಗಡಿಯಾರ ನೋಡಿ, ಎಷ್ಟು ಹೊತ್ತು ಕಳೆದಿದೆಯೋ ಅಷ್ಟನ್ನೂ ಒಟ್ಟಿಗೆ ಸೇರಿಸಿಕೊಳ್ಳಲಿ."

ರಾಜಕುಮಾರಿ ಕೀಲಿಮಣೆಗೆ ಕೈಹಾಕಿದಳು.

"ತಡೀರಿ!" ತಿಪ್ಪೇಶ ಚೀರಿ ರಾಜನತ್ತ ತಿರುಗಿದ. "ಹೊರಗೆ ಸೂರ್ಯ ನೆತ್ತಿ ದಾಟಿದ್ದಾನೆ. ಗಡಿಯಾರ ಸರಿಯಾದ ತಕ್ಷಣ ಮಧ್ಯಾಹ್ನದ ಗಂಟೆ ಹೊಡೆಯುತ್ತೆ. ಬುದ್ಧೀ, ಮೊದಲು ನನ್ನ ಬಹುಮಾನ ಕೊಡಿ: ಅವ್ವನ ತಲೆ. ಯುವರಾಜರದ್ದೂ ಪಂಡಿತರದ್ದೂ. ಕುತ್ತಿಗೆ ಮೇಲೇ ಇರ್ಲಿ."

"ಅರ್ಧ ರಾಜ್ಯ ಕೇಳುತ್ತೀಯ ಅಂದುಕೊಂಡಿದ್ದೆ" ಎಂದ ರಾಜ.

"ಅವ್ವ ಇಲ್ಲದ ಅರ್ಧ ರಾಜ್ಯದಲ್ಲಿ ಊಟಕ್ಕೇನು ಮಾಡ್ಲಿ, ಬುದ್ಧೀ?"

ರಾಜನ ಹೊಟ್ಟೆ ಗುರ್ ಎಂದಿತು. "ಕೊಟ್ಟೆ. ಅವರ ಕಟ್ಟು ಬಿಚ್ಚಿರಿ."

ಮೂವರನ್ನೂ ಸಭೆಗೆ ಕರೆತಂದು ಹಗ್ಗ ಬಿಚ್ಚಿದರು. ರಾಜಕುಮಾರಿ ಹೊಸ ಸಾಲು ಬರೆದು ಮುಗಿಸಿದಳು. ಕೂಡಲೇ ಢಣ್ ಎಂದು ಗಂಟೆ ಹೊಡೆಯಿತು. ತಲೆ ಕಡಿಯುವವನು ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು, ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದ ಸಿದ್ದವ್ವನ ಹತ್ತಿರ ಬಂದ.

"ಊಟಕ್ಕೇನವ್ವಾ ಇವತ್ತು?"