ಬೆಲ್ಲದ ಹತ್ತಿರ ಪಾಠ ಕಲಿತ ಮೆಣಸಿನಕಾಯಿ

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ, ಗಲಾಟೆ ಬಿಟ್ಟು ನನ್ನ ಮಾತು ಕೇಳಿ. ಒಂದು ಅಡುಗೆಮನೆಯಲ್ಲಿ ಸಾರಿನ ಒಗ್ಗರಣೆಗೆ ಆಳು ಬೇಕಾಗಿತ್ತು. ಆರಿಸುವ ಯಜಮಾನಿಕೆ ಒಗ್ಗರಣೆ ಸೌಟಿನದು. ಒಣಮೆಣಸಿನಕಾಯಿಗೆ ಆ ಕೆಲಸ ಸಿಗಲೇಬೇಕಿತ್ತು. ಇಲ್ಲದಿದ್ದರೆ ಮನೆಯವರು ಅದನ್ನು ಕೂಸಿಗೆ ನಿವಾಳಿಸಿ, ದೃಷ್ಟಿ ತೆಗೆದು ಒಲೆಗೆ ಎಸೆಯುತ್ತಿದ್ದರು. ಹೆದರಿಕೊಂಡ ಮೆಣಸಿನಕಾಯಿ ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದು ಬೆಲ್ಲದ ಹತ್ತಿರ ಪಾಠಕ್ಕೆ ಹೋಯಿತು.

"ಖಾರದ ಸುದ್ದಿ ಎತ್ತಬೇಡ ತಂಗಿ, ಸಿಹಿಯಾಗಿ ಮಾತಾಡು," ಅಂದಿತು ಬೆಲ್ಲ. ಆ ಬೆಲ್ಲಕ್ಕೆ ಒಗ್ಗರಣೆಯ ಬಿಸಿ ಏನು ಗೊತ್ತು, ಹೇಳಿ?

ಸಂದರ್ಶನದ ದಿನ ಸೌಟು ಕಾದ ಎಣ್ಣೆ ಹೊತ್ತು ಕೂತು ಕೇಳಿತು: "ನಿನ್ನಿಂದ ಏನಾಗುತ್ತದೆ?"

"ಯಾರ ನಾಲಿಗೆಗೂ ನೋವು ಮಾಡೋದಿಲ್ಲ ಸ್ವಾಮಿ. ನಾನು ಬಲು ಸಿಹಿ."

"ಸಿಹಿಗೆ ನಮ್ಮಲ್ಲಿ ಬೆಲ್ಲ ಇದೆಯಲ್ಲಮ್ಮ. ನೀನು ಹೊರಡು."

ಮೆಣಸಿನಕಾಯಿಗೆ ರೇಗಿತು. "ಹುಟ್ಟುಗುಣ ಮುಚ್ಚಿಟ್ಟು ನಿಮ್ಮೆದುರು ಕೈಮುಗಿದು ನಿಂತೆನಲ್ಲ, ನನಗೆ ಬುದ್ಧಿ ಇಲ್ಲ," ಅಂದು ಎಣ್ಣೆಗೆ ಧುಮುಕಿತು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರು. ಸೌಟೂ ಸೀನಿತು. "ಇದನ್ನು ಮೊದಲೇ ಹೇಳೋದಕ್ಕೆ ಏನಾಗಿತ್ತು ತಾಯಿ?" ಅಂದಿತು.

ಮೆಣಸಿನಕಾಯಿ ಸಾರಿನ ಮೇಲೆ ಕೆಂಪಗೆ ತೇಲಿತು. ಸೌಟು ಕೆಲಸ ಮುಗಿಸಿ ಗೋಡೆಯ ಮೊಳೆಗೆ ನೇತುಬಿದ್ದಿತು. ಬೆಲ್ಲ ಮಾತ್ರ ಡಬ್ಬಿಯಲ್ಲೇ ಕೂತು ಈಗ ಹುಣಸೆಹಣ್ಣಿಗೆ ಅದೇ ಪಾಠ ಹೇಳಿಕೊಡುತ್ತಿದೆ.