ಗೋಮಿ ದಡಿಯ ವಿಡಿಯೊ

"ಏಳನೇ ಇಯತ್ತೆ ಕಲಿತಾಕಿಗೆ ಕಂಪ್ಯೂಟರ್ ತಲಿಗೆ ಹತ್ತೂದಿಲ್ಲ" ಎಂದಿದ್ದವನು ಮ್ಯಾನೇಜರ್ ಪರಪ್ಪ. ಆದರೂ ಶಂಕ್ರವ್ವ ಇಳಕಲ್ ಸೀರೆಯ ಮುನ್ನೂರು ವಿಡಿಯೊಗಳಿಗೆ ಬಣ್ಣ ಮತ್ತು ದಡಿ, ಅಂದರೆ ಗೋಮಿಯಂಥ ಅಂಚಿನ ವಿನ್ಯಾಸ, ನೋಡಿ ಹೆಸರಿಟ್ಟಿದ್ದಳು.

"ಇದು ಆನ್‌ಲೈನ್ ಅಂಗಡಿ, ಸಂತಿ ಅಲ್ಲ. ಎಲ್ಲಾದಕ್ಕೂ ಬರೇ ನಂಬರ್ ಹಾಕು. ಇಲ್ಲಾಂದ್ರ ನಾಳಿಂದ ಬರಬ್ಯಾಡ!" ಎಂದು ಪರಪ್ಪ ಗದರಿದ.

ಶಂಕ್ರವ್ವ ಹಾಕಿದಳು. ಹಳೆಯ ಹೆಸರುಗಳನ್ನು ಮಾತ್ರ ಆಯಾ ನಂಬರಿನ ಎದುರಿಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು.

ಮರುದಿನ ಮಾಲೀಕರ ಎದುರಿಗೇ ಮದುವೆ ಮನೆಯವರ ಫೋನ್ ಬಂತು. "ದಾಳಿಂಬರಿ ಬಣ್ಣ, ಗೋಮಿ ದಡಿ, ನಲವತ್ತು ಸೀರಿ. ಹತ್ತು ನಿಮಿಷದಾಗ ವಿಡಿಯೊ ಬರ್ಲಿಲ್ಲಂದ್ರ ಬ್ಯಾರೆ ಅಂಗಡಿ ನೋಡ್ತೀವಿ."

ಪರಪ್ಪ ಒಂದೊಂದೇ ವಿಡಿಯೊ ತೆರೆದು ನೋಡುತ್ತ ಬೆವರಿದ. ಎಂಟು ನಿಮಿಷ ಕಳೆಯಿತು. "ಎಲ್ಲೈತಿ ಶಂಕ್ರವ್ವಾ?"

"ಗಿರಾಕಿಗೇ ನಂಬರ್ ಕೇಳ್ರಿ, ಸಾಹೇಬ್ರ."

ಮಾಲೀಕರು ಪರಪ್ಪನನ್ನು ದುರುಗುಟ್ಟಿ ನೋಡಿದರು. ಶಂಕ್ರವ್ವ ನೋಟ್‌ಬುಕ್ ತೆರೆದಳು, ವಿಡಿಯೊ ಕಳಿಸಿದಳು; ನಲವತ್ತು ಸೀರೆಯ ಆರ್ಡರ್ ಉಳಿಯಿತು.

ಈಗ ಮ್ಯಾನೇಜರನ ಕುರ್ಚಿ ಶಂಕ್ರವ್ವನದು. ಅದಕ್ಕೆ ಆಕೆ ತೆತ್ತ ಬೆಲೆ, ವಿಡಿಯೊ ನೋಡಿ ನೋಡಿ ಮೂಗಿನ ಮೇಲೆ ಬಂದು ಕೂತ ದಪ್ಪ ಕನ್ನಡಕ.