ಹಪ್ಪಳದ ಕೊಡೆ

ಕೊಡೆ ಮಾರುವ ಕೋತಿರಾಯ ಗಿರಾಕಿಗಳಿಗೆ ಬಾಯಿಬಿಟ್ಟು ಹೇಳುತ್ತಿದ್ದದ್ದು ಒಂದೇ ಮಾತು: "ಕೋಲು ಮುರಿಯುವುದಿಲ್ಲ. ಮುರಿದರೆ ನೀವು ಕೊಟ್ಟದ್ದು ವಾಪಸ್." ಹೇಳುತ್ತಲೇ ಕೊಡೆಯ ಕೋಲನ್ನು ಬಂಡೆಗೆ ನಾಲ್ಕು ಸಲ ಬಡಿದು ತೋರಿಸುತ್ತಿದ್ದ.

ಕರಡಿಯಪ್ಪ ಅದಕ್ಕೇ ಮರುಳಾಗಿ, ದೊಡ್ಡದೊಂದು ಜೇನುಹುಟ್ಟು ಕೊಟ್ಟು ಕೊಡೆ ಕೊಂಡ. ಮೊದಲ ಮಳೆಗೇ ಕೊಡೆ ಮೆತ್ತಗಾಗಿ ಅವನ ತಲೆಗೆ ಅಂಟಿಕೊಂಡಿತು. ನೆಕ್ಕಿ ನೋಡಿದರೆ ಉದ್ದಿನ ಹಪ್ಪಳ!

ನ್ಯಾಯ ಆಮೆಯಜ್ಜಿಯ ಮುಂದೆ ಬಂತು.

"ಕೋಲು ಮುರಿಯುವುದಿಲ್ಲ ಎಂದೆ, ಮುರಿದಿಲ್ಲ. ಮಳೆ ತಡೆಯುತ್ತದೆ ಎಂದು ನಾನು ಯಾವಾಗ ಹೇಳಿದೆ?" ಎಂದ ಕೋತಿರಾಯ, ಎದೆಯುಬ್ಬಿಸಿ. ಇದೇ ವಾದದಿಂದ ಅವನು ಮೊದಲು ಕೊಡೆ ಕೊಂಡಿದ್ದ ಮೊಲದ ಬಾಯನ್ನೂ ನವಿಲಿನ ಬಾಯನ್ನೂ ಮುಚ್ಚಿಸಿದ್ದ.

"ಕೊಡೆ ಎಂದು ಕೊಟ್ಟ ಮೇಲೆ ಅದನ್ನು ಬೇರೆ ಹೇಳಬೇಕೇ ಸ್ವಾಮಿ?" ಎಂದು ಕರಡಿಯಪ್ಪ ಗೋಗರೆದ.

"ಹೇಳದೆ ಇದ್ದದ್ದು ಲೆಕ್ಕಕ್ಕಿಲ್ಲ!"

ಆಮೆಯಜ್ಜಿ ಚಿಪ್ಪಿನೊಳಗೆ ಹೋಗಿ, ಯೋಚಿಸಿ, ಹೊರಬಂದಳು. "ಹಾಗೇ ಆಗಲಿ. ಹೇಳಿದ್ದನ್ನಷ್ಟೇ ಪರೀಕ್ಷಿಸೋಣ. ಕೋಲನ್ನು ಬಡಿದು ನೋಡಬೇಕು. ಬಂಡೆಗೇ ಬಡಿಯಬೇಕೆಂದು ಕೋತಿರಾಯರು ಎಲ್ಲೂ ಹೇಳಿಲ್ಲ. ಕರಡಿಯಪ್ಪ, ಅವರ ಬೆನ್ನು ಹತ್ತಿರದಲ್ಲೇ ಇದೆ."

ಮೊದಲ ಏಟಿಗೆ ಕೋತಿರಾಯ ಕಿರುಚಿದ. ಎರಡನೆಯದಕ್ಕೆ ಕೈಮುಗಿದ. ಮೂರನೆಯದು ಬೀಳುವ ಮೊದಲೇ ಓಡಿಹೋಗಿ ಜೇನುಹುಟ್ಟು ತಂದಿಟ್ಟ. "ಮುರಿಯಿತು ಅಜ್ಜೀ! ನನ್ನಾಣೆಗೂ ಕೋಲು ಮುರಿದೇ ಹೋಯಿತು!"

ಕರಡಿಯಪ್ಪ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಬಿದ್ದಿರಲಿಲ್ಲ.

"ಅಜ್ಜೀ," ಎಂದ, "ಇಷ್ಟು ಒಳ್ಳೇ ಮಾಲನ್ನು ಹಿಂದಿರುಗಿಸಲು ಮನಸ್ಸೇ ಬರುತ್ತಿಲ್ಲ."